ಇಪ್ಪತ್ತೆರಡು ಬಾವಿಗಳ ಲೆಕ್ಕ

ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ನಲ್ಲಿಯ ನೀರು ಸಣ್ಣಗಾಯಿತು. ದಿನವೂ ಆಗುವುದೇ. ಅಡುಗೆಮನೆಯಲ್ಲಿ ಮಗಳು ಪಾತ್ರೆಗೆ ನೀರು ಬಿಟ್ಟಿರುತ್ತಾಳೆ, ಹಿತ್ತಿಲಲ್ಲಿ ಗಂಡ ಗಿಡಗಳಿಗೆ ಪೈಪು ಹಿಡಿದಿರುತ್ತಾನೆ. ಮೂಗಿನಕ್ಕ ಕಣ್ಣು ಮುಚ್ಚಿಕೊಂಡೇ ಇಬ್ಬರಿಗೂ ನಾಲ್ಕು ಮಾತು ಬಯ್ಯುತ್ತಾಳೆ. ಅವತ್ತು ಬಯ್ಯಲಿಲ್ಲ. ಸೋಪು ಕಣ್ಣಿಗಿಳಿದು ಉರಿಯುತ್ತಿದ್ದುದೂ ಅವಳ ಗಮನಕ್ಕೆ ಬರಲಿಲ್ಲ.

"ಏನಾಯ್ತೇ? ಇವತ್ತು ಬೈಗುಳಕ್ಕೂ ಬರಗಾಲವಾ?" ಎಂದು ಗಂಡ ಹಿತ್ತಿಲಿನಿಂದ ಕೂಗಿದ.

"ಒಂದೇ ನಲ್ಲಿ ಬಿಟ್ರೆ ಜೋರು. ಮೂರೂ ಬಿಟ್ರೆ ಸಣ್ಣ," ಎಂದಳು.

"ಇದನ್ನ ಕಂಡುಹಿಡಿಯೋಕೆ ಐವತ್ತೆರಡು ವರ್ಷ ಬೇಕಾಯ್ತಾ ನಿಂಗೆ?"

ಬೇಕಾಗಿತ್ತು. ಅದೇ ಅವಳ ಸಂಕಟ.

ಮೂಗಿನಕ್ಕ ಎಂಬುದು ಅಡ್ಡಹೆಸರು. ಊರಾಚೆಯ ಕಸದ ಗುಡ್ಡದಲ್ಲಿ ಯಾವ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಮೂಗಿನಿಂದಲೇ ಹೇಳುತ್ತಾಳೆಂದು ಜೊತೆಯವರು ಇಟ್ಟದ್ದು. ಆ ಗುಡ್ಡಕ್ಕೆ ಕಸ ಸುರಿಯುವುದು ನಿಂತು, ಮೇಲೆ ಮಣ್ಣು ಮುಚ್ಚಿ, ಹುಲ್ಲು ಬೆಳೆದು ವರ್ಷಗಳಾಗಿವೆ. ಒಳಗೆ ಮಾತ್ರ ಊರಿನ ಹಳೆಯ ಎಂಜಲೆಲ್ಲ ಕೊಳೆಯುತ್ತ ಗ್ಯಾಸ್ ಉಗುಳುತ್ತಲೇ ಇದೆ. ಅದನ್ನು ಹೀರಲು ಇಪ್ಪತ್ತೆರಡು ಬಾವಿಗಳಿವೆ. ಬಾವಿಯೆಂದರೆ ನೀರಿನದಲ್ಲ, ಕಸದೊಳಕ್ಕೆ ಇಳಿಬಿಟ್ಟ ಕೊಳವೆ. ಎಲ್ಲವೂ ಒಂದೇ ದೊಡ್ಡ ಪೈಪಿಗೆ ಸೇರುತ್ತವೆ, ಒಂದು ಫ್ಯಾನು ಗ್ಯಾಸನ್ನು ಎಳೆಯುತ್ತದೆ, ಕೊನೆಗೆ ಕಬ್ಬಿಣದ ಕಂಬದ ತುದಿಯಲ್ಲಿ ಅದು ಯಾರಿಗೂ ಉಪಯೋಗವಿಲ್ಲದೆ ಉರಿದುಹೋಗುತ್ತದೆ.

ಹೀಗೆ ಸುಡುವ ಬದಲು ಅದರಿಂದ ಕರೆಂಟು ತೆಗೆಯೋಣವೆಂದು ಪುರಸಭೆ ಹೊರಟಿತ್ತು. ಎಂಜಿನ್ನಿನ ಬೆಲೆ ಊರಿನ ಎರಡು ವರ್ಷದ ತೆರಿಗೆ. ಗ್ಯಾಸನ್ನು ಶುದ್ಧ ಮಾಡುವ ಯಂತ್ರದ ಖರ್ಚು ಬೇರೆ. ಗಂಟೆಗೆ ಐನೂರೈವತ್ತು ಘನ ಮೀಟರ್ ಗ್ಯಾಸ್ ಸಿಕ್ಕರೆ ಎಂಟು ವರ್ಷದಲ್ಲಿ ಹಾಕಿದ ದುಡ್ಡು ವಾಪಸು. ಸಿಗದಿದ್ದರೆ ಊರು ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಂತೆ. ಮೂಗಿನಕ್ಕ ಬಾವಿಗಳನ್ನು ಅಳೆದು ಬರೆದಿಟ್ಟ ಪುಸ್ತಕದ ಅಂಕಿಗಳ ಪ್ರಕಾರ ಆರುನೂರು ಸಿಗುತ್ತಿತ್ತು. ಒಟ್ಟು ಗ್ಯಾಸನ್ನು ಅಳೆಯಬೇಕಾದ ದೊಡ್ಡ ಮೀಟರ್ ತೇವ ಹಿಡಿದು ಕೆಟ್ಟು ಎರಡು ವರ್ಷವಾಗಿತ್ತು. ಅಂಥ ಎಂಜಿನ್ ಕೊಳ್ಳಲು ಹೊರಟವರಿಗೆ ಒಂದು ಮೀಟರ್ ಕೊಳ್ಳಲು ಮನಸ್ಸು ಬಂದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ.

ಅವಳಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ, "ಒಬ್ರ ಮಾತು ಕೇಳ್ಬೇಕಾದ್ರೆ ಮಿಕ್ಕೋರ ಬಾಯಿ ಮುಚ್ಚಿಸ್ಬೇಕು ಕಣಮ್ಮ," ಎನ್ನುತ್ತಿದ್ದ. ಅದರಂತೆ ಒಂದು ಬಾವಿಯನ್ನು ಅಳೆಯುವಾಗ ಅವಳು ಉಳಿದ ಇಪ್ಪತ್ತೊಂದನ್ನೂ ಮುಚ್ಚುತ್ತಿದ್ದಳು. ಯಾವ ಬಾವಿಗೆ ಕಾಯಿಲೆ ಎಂದು ತಿಳಿಯಲು ಅದು ಸರಿಯಾದ ದಾರಿಯೇ. ಆದರೆ ಫ್ಯಾನಿನ ಎಳೆತವೆಲ್ಲ ಒಂದರ ಮೇಲೇ ಬಿದ್ದಾಗ ಅದು ತನ್ನ ಪಾಲಿಗಿಂತ ಹೆಚ್ಚು ಕೊಡುತ್ತದೆ. ಎಲ್ಲವನ್ನೂ ಒಟ್ಟಿಗೆ ತೆರೆದರೆ ಅಷ್ಟು ಬರುವುದಿಲ್ಲ. ಆ ಆರುನೂರು ಬಂದದ್ದು ಒಂಟಿ ಒಂಟಿಯಾಗಿ ಅಳೆದ ಇಪ್ಪತ್ತೆರಡು ಅಂಕಿಗಳನ್ನು ಕೂಡಿಸಿ.

ಅವತ್ತೇ ಹನ್ನೊಂದು ಗಂಟೆಗೆ ಪುರಸಭೆಯ ಅಧ್ಯಕ್ಷೆ ಎಂಜಿನ್ ಒಪ್ಪಂದಕ್ಕೆ ಸಹಿ ಹಾಕುವವರಿದ್ದರು.

ಬಸ್ಸಿನಲ್ಲಿ ಕುಳಿತ ಮೂಗಿನಕ್ಕನಿಗೆ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡಂತಾಗಿತ್ತು. ಹತ್ತೊಂಬತ್ತು ವರ್ಷದಿಂದ ಅವಳು ದಿನಗೂಲಿ. ಎಂಜಿನ್ ಬಂದರೆ ಕೆಲಸ ಕಾಯಂ ಎಂದು ಅಧ್ಯಕ್ಷೆಯೇ ಮಾತು ಕೊಟ್ಟಿದ್ದರು. ಸುಮ್ಮನಿದ್ದರೆ ಏನಾಗುತ್ತದೆ? ಎಂಜಿನ್ ಅರೆಹೊಟ್ಟೆಯಲ್ಲಿ ಓಡುತ್ತಿದೆ ಎಂದು ಗೊತ್ತಾಗಲು ಒಂದು ವರ್ಷವಾದರೂ ಬೇಕು. ಅಷ್ಟರಲ್ಲಿ ತಾನು ಕಾಯಂ ಆಗಿರುತ್ತೇನೆ, ಕಾಯಂ ಆದವರನ್ನು ಅಲುಗಾಡಿಸಲು ಯಾರ ಕೈಲೂ ಆಗದು. ಇಂಥ ಯೋಚನೆ ತನಗೇ ಬಂತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಎರಡು ನಿಲ್ದಾಣ ದಾಟುವವರೆಗೆ ಅದನ್ನೇ ಯೋಚಿಸಿದಳು.

ಆಮೇಲೆ ಒಂಬತ್ತನೇ ಬಾವಿ ನೆನಪಾಯಿತು. ಒಮ್ಮೆ ಯಾರೋ ದೊಡ್ಡವರು ಬರುತ್ತಾರೆಂದು, ಕಂಬದ ಜ್ವಾಲೆ ಎತ್ತರಕ್ಕೆ ಕಾಣಲೆಂದು ಫ್ಯಾನನ್ನು ಅತಿಯಾಗಿ ಓಡಿಸಿದ್ದರು. ಗ್ಯಾಸಿನ ಜೊತೆ ಗಾಳಿಯನ್ನೂ ಎಳೆದುಕೊಂಡ ಗುಡ್ಡ ಆ ಬಾವಿಯ ಸುತ್ತ ಒಳಗೊಳಗೇ ಹೊತ್ತಿಕೊಂಡು ಎರಡು ತಿಂಗಳು ಹೊಗೆಯಾಡಿತ್ತು. ಕೆಳಗಿನ ಬೀದಿಯ ಮುದುಕರು ಮಕ್ಕಳೆಲ್ಲ ಕೆಮ್ಮಿ ಕೆಮ್ಮಿ ಸೊರಗಿದ್ದರು. ಎಂಜಿನ್ ಹಸಿದರೆ ಮತ್ತೆ ಫ್ಯಾನು ಜೋರು ಮಾಡು ಎನ್ನುತ್ತಾರೆ, ಮಾಡಬೇಕಾದವಳು ತಾನೇ. ಹಾಳಾಗಲಿ ಕಾಯಂ ಕೆಲಸ ಎಂದುಕೊಂಡು ಇಳಿದಳು.

ಸಭೆಯ ಕೋಣೆಯಲ್ಲಿ ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಪಕ್ಕದಲ್ಲಿ ಪುರಸಭೆಯ ಎಂಜಿನಿಯರ್, ಇಸ್ತ್ರಿ ಮಾಡಿದ ಅಂಗಿಯಲ್ಲಿ.

"ಮೇಡಂ, ಸಹಿ ಹಾಕ್ಬೇಡಿ," ಎಂದಳು ಮೂಗಿನಕ್ಕ ಬಾಗಿಲಲ್ಲೇ ನಿಂತು. "ನನ್ನ ಲೆಕ್ಕ ತಪ್ಪು."

ಆಮೇಲೆ ನಲ್ಲಿಯ ಕತೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿದಾಗ ಎಂಜಿನಿಯರ್ ಮುಖ ಕೆಂಪಾಯಿತು, ಬಿಳಿಚಿತು. ಇನ್ನೇನು ತನ್ನ ಮೇಲೆ ಹರಿಹಾಯುತ್ತಾನೆಂದು ಅವಳು ಕಾದಳು.

"ಅಕ್ಕ ಸರಿಯಾಗೇ ಅಳೆದಿದ್ದಾರೆ ಮೇಡಂ," ಎಂದ ಆತ. "ಕೂಡಿಸಿದ್ದು ನಾನು."

ಅದನ್ನು ಹೇಳಿದ ಮೇಲೆ ಆತನ ಹೆಗಲು ಇಳಿದದ್ದನ್ನು ಎಲ್ಲರೂ ಕಂಡರು. ಮೂರು ತಿಂಗಳಿಂದ ಆ ಅಂಕಿ ಆತನಿಗೂ ಚುಚ್ಚುತ್ತಿತ್ತಂತೆ. ಕೇಳಿದರೆ ಮರ್ಯಾದೆ ಹೋದೀತೆಂದು ಕೇಳಿರಲಿಲ್ಲವಂತೆ. ಓದಿದವರ ಹಣೆಬರಹವೇ ಅಷ್ಟು.

ಅಧ್ಯಕ್ಷೆ ಪೆನ್ನಿಗೆ ಮುಚ್ಚಳ ಹಾಕಿದರು. "ಸದ್ಯ, ಬದುಕಿದೆ! ಮೊದಲು ನಿಜವಾದ ಲೆಕ್ಕ ತೆಗೀರಿ, ಉಳಿದದ್ದು ಆಮೇಲೆ."

ಗುಡ್ಡದ ಕೆಳಗೆ ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಿತ್ತು. ಮೀಟರನ್ನು ಅಲ್ಲಿಂದಲೇ ಕಡ ತಂದರು. ಮಧ್ಯಾಹ್ನ ಮೂಗಿನಕ್ಕ ಇಪ್ಪತ್ತೆರಡು ವಾಲ್ವುಗಳನ್ನೂ ತೆರೆದು, ಪ್ರತಿಯೊಂದನ್ನೂ ಕೈಯಾರೆ ಹದಕ್ಕೆ ತಂದಳು. ಅಧ್ಯಕ್ಷೆಯೂ ಎಂಜಿನಿಯರೂ ಗುಡ್ಡದ ಮೇಲೇ ನಿಂತು ಎರಡು ಗಂಟೆ ಕಾದರು. ಮೀಟರಿನ ಅಂಕಿ ಹತ್ತಿ, ಇಳಿದು, ಮುನ್ನೂರ ಹತ್ತರಲ್ಲಿ ನಿಂತಿತು.

"ಎಂಜಿನ್ನಿಗೆ ಹೆಚ್ಚುಕಮ್ಮಿ ಅರ್ಧ ಹೊಟ್ಟೆ ತುಂಬುತ್ತೆ, ಅಷ್ಟೇ," ಎಂದ ಎಂಜಿನಿಯರ್. "ಗ್ಯಾಸು ಬೇರೆ ವರ್ಷ ವರ್ಷಕ್ಕೆ ಕಮ್ಮಿ ಆಗುತ್ತೆ. ಆದ್ರೆ ಬಟ್ಟೆ ಕಾರ್ಖಾನೆ ಬಾಯ್ಲರಿಗೆ ಮುನ್ನೂರು ಸಾಕು. ಹೋದ ವರ್ಷವೇ ಕೇಳಿದ್ರು. ಆರುನೂರು ಮೀಟರ್ ಪೈಪು, ನೀರಿನಂಶ ತೆಗೆಯೋ ಒಂದು ತೊಟ್ಟಿ, ಅಷ್ಟೇ. ಎಂಜಿನ್ನಿನ ಹತ್ತರಲ್ಲಿ ಒಂದು ಪಾಲೂ ಖರ್ಚಿಲ್ಲ. ಗ್ಯಾಸು ಕಮ್ಮಿ ಬಂದ ದಿನ ಅವರು ತಮ್ಮ ಎಣ್ಣೆ ಉರಿಸ್ಕೋತಾರೆ."

"ಮತ್ತೆ ಅವಾಗ್ಲೇ ಯಾಕೆ ಹೇಳ್ಲಿಲ್ಲ?" ಎಂದರು ಅಧ್ಯಕ್ಷೆ.

"ಪೈಪಿಗೆ ಯಾರು ರಿಬ್ಬನ್ ಕಟ್ ಮಾಡ್ತಾರೆ ಮೇಡಂ?"

ಅಧ್ಯಕ್ಷೆ ಜೋರಾಗಿ ನಕ್ಕರು. "ನಾನು ಮಾಡ್ತೀನಿ ಬಿಡಿ. ಹಾಸಿಗೆ ಇದ್ದಷ್ಟು ಕಾಲು ಚಾಚೋಣ."

ಮೂಗಿನಕ್ಕ ಸೊಂಟದಿಂದ ವಾಲ್ವುಗಳ ಕೀಲಿಗೊಂಚಲು ಬಿಚ್ಚಿ ಎಂಜಿನಿಯರ್ ಮುಂದೆ ಹಿಡಿದಳು. "ಹಾಗಾದ್ರೆ ನಾನು ಬರ್ತೀನಿ ಸಾರ್."

"ಎಲ್ಲಿಗೆ?"

"ಇಷ್ಟು ದೊಡ್ಡ ತಪ್ಪು ಮಾಡಿದವಳನ್ನ ಇಟ್ಕೋತೀರಾ?"

"ಅಕ್ಕ, ಇಷ್ಟು ದಿನ ಉರಿದುಹೋಗೋ ಗ್ಯಾಸು, ಹೆಂಗಿದ್ರೂ ನಡೀತಿತ್ತು. ಇನ್ಮೇಲೆ ಇಪ್ಪತ್ತೆರಡನ್ನೂ ಒಟ್ಟಿಗೆ ಹದದಲ್ಲಿ ಇಡ್ಬೇಕು. ನನಗೆ ಬರಲ್ಲ ಅದು. ಇವತ್ತು ನಿಮ್ಮ ಕೈ ನೋಡ್ದೆ."

ಅಧ್ಯಕ್ಷೆ ಹೇಳಿದರು: "ನಿಮ್ಮನ್ನ ಕಾಯಂ ಮಾಡೋ ಕಾಗದ ಎಂಜಿನ್ ಫೈಲಲ್ಲಿದೆ. ಅದನ್ನ ತೆಗೆದು ಪೈಪಿನ ಫೈಲಿಗೆ ಹಾಕಿಸ್ತೀನಿ. ಈ ಗುಡ್ಡದ ವಿಷಯ ಮಾತಾಡೋಕೆ ಮೂರು ತಿಂಗಳಲ್ಲಿ ಹದಿನೇಳು ಜನ ನನ್ನ ಹತ್ರ ಬಂದಿದಾರೆ. ಎಲ್ಲರೂ ತಮ್ಮ ಲೆಕ್ಕನೇ ಸರಿ ಅಂದೋರು. ನನ್ನ ಲೆಕ್ಕ ತಪ್ಪು ಅಂತ ಬಂದೋರು ನೀವೊಬ್ರೇ."

ಬೆಳಗಿನಿಂದ ಬಿಗಿಹಿಡಿದದ್ದು ಅಲ್ಲಿ ಒಡೆಯಿತು. ಮೂಗಿನಕ್ಕ ಹುಲ್ಲಿನ ಮೇಲೆ ಕುಸಿದು ಕುಳಿತು, ನಾಚಿಕೆ ಬಿಟ್ಟು ಅತ್ತಳು. ಅಧ್ಯಕ್ಷೆ ಒಂದು ಗಳಿಗೆ ನಿಂತು ನೋಡಿ, ತಮ್ಮ ಒಳ್ಳೆಯ ಬಟ್ಟೆಯ ಯೋಚನೆಯನ್ನೂ ಮಾಡದೆ, ಕಸದ ಗುಡ್ಡದ ಮೇಲೆ ಅವಳ ಪಕ್ಕದಲ್ಲೇ ಕುಳಿತರು.