ಹನ್ನೊಂದನೆಯ ಪೊಟ್ಟಣ

"ಒಂದು ಬಕೆಟ್ ನೀರು ಸಿಗುತ್ತೇನಪ್ಪಾ?" ಎಂದು ಮಾವ ಕೇಳಿದರು.

ಅಂಗಡಿಯವನು ಪಾಪ, ಮುದುಕರಿಗೆ ಬಾಯಾರಿದೆ ಎಂದುಕೊಂಡು ಒಳಗೆ ಓಡಿಹೋಗಿ ಒಂದು ಲೋಟ ನೀರು ತಂದುಕೊಟ್ಟ. ಮಾವ ಅದನ್ನು ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ಇದು ನನಗಾಯ್ತು. ಈಗ ಮಿಷನ್‌ಗೆ ಒಂದು ಬಕೆಟ್ ಕೊಡು" ಎಂದರು.

ಪಕ್ಕದಲ್ಲಿ ನಿಂತಿದ್ದ ಸೊಸೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದು ಅವರು ಹತ್ತಿದ ಮೂರನೆಯ ಅಂಗಡಿ. ಮೇಜಿನ ಮೇಲೆ ನಾಲ್ಕು ವ್ಯಾಕ್ಯೂಮ್ ಸೀಲರ್‌ಗಳು ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು. ಊಟ ತುಂಬಿದ ಪ್ಲಾಸ್ಟಿಕ್ ಚೀಲದ ಬಾಯನ್ನು ಇವುಗಳ ಮುಚ್ಚಳದಡಿ ಇಟ್ಟರೆ, ಒಳಗಿನ ಗಾಳಿಯನ್ನೆಲ್ಲ ಹೀರಿ, ಬಾಯನ್ನು ಬಿಸಿಯಿಂದ ಬೆಸೆದುಬಿಡುತ್ತವೆ. ಇಷ್ಟನ್ನು ಅಂಗಡಿಯವನು ಅರ್ಧ ಗಂಟೆಯಿಂದ ನಾಲ್ಕು ರಾಗದಲ್ಲಿ ಹಾಡಿದ್ದ. ಮಾವ ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಕೇಳಿದ್ದು ಬಕೆಟ್.

"ಯಜಮಾನ್ರೇ, ಕರೆಂಟ್ ಮಿಷನ್ನು. ನೀರಿಗೆ ಹಾಕೋ ಹಾಗಿಲ್ಲ."

"ಮಿಷನ್ ಯಾರು ಹಾಕ್ತಾರೆ? ಕವರ್ ಹಾಕ್ತೀನಿ. ಒಂದು ಖಾಲಿ ಕವರ್‌ನ ಗಾಳಿ ಎಳೀದೆ, ಉಬ್ಬಿರೋ ಹಾಗೇನೇ ಬೆಸೆದು ಕೊಡು."

ನಲವತ್ತು ವರ್ಷ ಬೀದಿಯ ಮೂಲೆಯಲ್ಲಿ ಸೈಕಲ್ ಪಂಕ್ಚರ್ ಅಂಗಡಿ ಇಟ್ಟಿದ್ದ ಮನುಷ್ಯ. ಅಂಗಡಿ ಬಿಟ್ಟು ಎರಡು ವರ್ಷವಾದರೂ ಉಗುರಿನ ಸಂದಿಯ ಕಪ್ಪು ಬಿಟ್ಟಿರಲಿಲ್ಲ. ಟ್ಯೂಬನ್ನು ನೀರಲ್ಲಿ ಅದ್ದದೆ "ಸರಿ ಇದೆ" ಅಂದವರ ಮಾತನ್ನು ಅವರು ಜೀವಮಾನದಲ್ಲಿ ನಂಬಿದವರಲ್ಲ.

"ನಲವತ್ತು ವರ್ಷ ಗಾಳಿ ಒಳಗೇ ಇರೋ ಹಾಗೆ ನೋಡ್ಕೊಂಡೆ ಕಣಪ್ಪ" ಎಂದು ಅವರು ತೋಳು ಮಡಚುತ್ತ ಹೇಳಿದರು. "ಈಗ ಹೊರಗೇ ಇರೋ ಹಾಗೆ ನೋಡ್ಕೋಬೇಕು. ಎರಡಕ್ಕೂ ಶತ್ರು ಒಂದೇ, ತೂತು."

ಇಷ್ಟೆಲ್ಲ ರಾದ್ಧಾಂತ ಮನೆಯ ಹತ್ತು ವರ್ಷದ ಹುಡುಗಿಗಾಗಿ. ಎಲ್ಲದಕ್ಕೂ ವಾದ ಮಾಡುವುದರಿಂದ ತಾತ ಅವಳನ್ನು ಕರೆಯುವುದೇ ಲಾಯರಮ್ಮ ಎಂದು. ಈ ಲಾಯರಮ್ಮನ ಹೊಟ್ಟೆಗೆ ಗೋಧಿ ಆಗದು. ಗೋಧಿ ಮಾತ್ರವಲ್ಲ, ಗೋಧಿ ಬೆಂದ ಪಾತ್ರೆಯ ನೀರು, ಗೋಧಿ ಕಲಸಿದ ಚಮಚ, ಯಾವುದೂ ಆಗದು. ಐದು ವರ್ಷದವಳಿದ್ದಾಗ ಯಾರೋ ಅಕ್ಕರೆಯಿಂದ ಕೊಟ್ಟ ಒಂದು ಬಿಸ್ಕತ್ತು ಅವಳನ್ನು ನಾಲ್ಕು ದಿನ ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿತ್ತು. ಅಂದಿನಿಂದ ಅವಳ ಊಟ ಮನೆಯದು, ಡಬ್ಬಿ ಮನೆಯದು, ನೀರಿನ ಬಾಟಲಿಯೂ ಮನೆಯದು. ಶಾಲೆಯವರು ಎಲ್ಲಿಗೇ ಕರೆದುಕೊಂಡು ಹೋದರೂ ಅವಳು ಸಂಜೆಯೊಳಗೆ ಮನೆಗೆ ಬರಬೇಕು.

ಈಗ ಶಾಲೆಯಿಂದ ಕೆರೆಯ ಪಕ್ಕ ಐದು ದಿನದ ಈಜು ಶಿಬಿರ. ತರಗತಿಯ ಮಕ್ಕಳೆಲ್ಲ ಹೊರಟಿದ್ದರು. ಮೇಷ್ಟರು, "ಊಟ ನೀವೇ ಕಟ್ಟಿ ಕಳಿಸಿ. ನಮ್ಮ ಫ್ರಿಜ್‌ನಲ್ಲಿ ಒಂದು ತಟ್ಟೆ ಜಾಗ ಕೊಡ್ತೀವಿ, ಡಬ್ಬಿಗಳು ಹಿಡಿಯಲ್ಲ. ಪ್ಯಾಕೆಟ್ ಆದ್ರೆ ಬಿಚ್ಚದೇ ಬಿಸಿನೀರಲ್ಲಿ ಕಾಯಿಸಿ ಕೊಡಬಹುದು" ಎಂದಿದ್ದರು. ಹುಡುಗಿ ಅಮ್ಮನ ಮುಂದೆ ಯಾವ ವಾದವನ್ನೂ ಮಾಡಲಿಲ್ಲ. ಸುಮ್ಮನೆ ಶಿಬಿರದ ಚೀಟಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಮೇಲೊಂದು ಲೋಟ ಇಟ್ಟು ಹೋಗಿದ್ದಳು. ಅಮ್ಮ ಮಿಷನ್ ನೋಡಲು ಹೊರಟದ್ದು ಆ ಮೌನಕ್ಕೇ.

ಅಮ್ಮನೂ ಸಾಮಾನ್ಯದವಳಲ್ಲ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳದು ಕೊನೆಯ ತಪಾಸಣೆ. ದಿನಕ್ಕೆ ನೂರಾರು ಅಂಗಿಗಳು ಅವಳ ಮೇಜಿನ ಮೇಲೆ ಹಾದುಹೋಗುತ್ತಿದ್ದವು. ಬಿಟ್ಟುಹೋದ ಹೊಲಿಗೆ, ಸೊಟ್ಟ ಕಾಲರು, ಎಳೆ ಎದ್ದ ಗುಂಡಿಯ ಕಾಜು, ಯಾವುದೂ ಅವಳ ಕಣ್ಣು ತಪ್ಪಿಸಿ ಹೋಗಿದ್ದಿಲ್ಲ. ತಪ್ಪು ಕಂಡಲ್ಲಿ ಕಿರುಬೆರಳಿನ ಉಗುರಿನಷ್ಟು ದೊಡ್ಡ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಬಾಣದ ಮೊನೆ ತಪ್ಪಿನ ಮೇಲೆ ಕೂರಬಾರದು, ಕೂದಲೆಳೆಯಷ್ಟು ಈಚೆಗೇ ನಿಲ್ಲಬೇಕು, ಇಲ್ಲದಿದ್ದರೆ ತಪ್ಪೇ ಮುಚ್ಚಿಹೋಗುತ್ತದೆ ಎಂದು ಹೊಸಬರಿಗೆ ಕಲಿಸುವವಳೂ ಅವಳೇ. ದಿನವೂ ಒಂದೋ ಎರಡೋ ಬಾಣಗಳು ಅವಳ ಮೊಣಕೈಗೋ ಜಡೆಗೋ ಅಂಟಿಕೊಂಡು ಮನೆಗೆ ಬರುತ್ತಿದ್ದವು. ಮಗಳು ಅವನ್ನು ಬಿಡಿಸಿ ತನ್ನ ಬೀರುವಿನ ಬಾಗಿಲ ಒಳಗೆ ಅಂಟಿಸಿಕೊಳ್ಳುತ್ತಿದ್ದಳು.

ಇಂಥವಳು ಮಿಷನ್ ಆರಿಸಲು ಹೊರಟರೆ ಕೇಳಬೇಕೆ? ಕೈಯಲ್ಲೊಂದು ನೋಟ್‌ಬುಕ್, ಪುಟಕ್ಕೊಂದು ಮಿಷನ್, ಮಿಷನ್‌ಗೆ ಐದಾರು ತಪ್ಪು. ಒಂದರ ಸದ್ದು ಜಾಸ್ತಿ, ಒಂದರ ಬಾಯಿ ಚಿಕ್ಕದು, ಇನ್ನೊಂದರ ಮುಚ್ಚಳವನ್ನು ಎರಡು ಕೈಯಲ್ಲೂ ಅದುಮಬೇಕು. ಎರಡು ಅಂಗಡಿಗಳ ಎಲ್ಲ ಮಿಷನ್‌ಗಳೂ ಆ ಪುಸ್ತಕದಲ್ಲಿ ಫೇಲಾಗಿ ಕೂತಿದ್ದವು.

ಅಂತೂ ಬಕೆಟ್ ಬಂತು. ಮಾವ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಮೊದಲು, ಐದು ಬಣ್ಣದ ದೀಪಗಳಿದ್ದ ದೊಡ್ಡ ಮಿಷನ್ ಬೆಸೆದ ಚೀಲ. ಪುಟ್ಟ ದಿಂಬಿನಂತೆ ಉಬ್ಬಿದ್ದ ಅದನ್ನು ನೀರಿನೊಳಗೆ ಒತ್ತಿದರು. ಮೂಲೆಯಿಂದ ಗುಳುಗುಳು ಎಂದು ಗುಳ್ಳೆಗಳೆದ್ದವು.

"ಕವರ್ ಸರಿ ಇರಲಿಲ್ಲ ಅನ್ಸುತ್ತೆ ಸಾರ್" ಎಂದ ಅಂಗಡಿಯವನು.

"ಇರಬಹುದು. ಇನ್ನೊಂದು ಕೊಡು."

ಇನ್ನೊಂದೂ ಗುಳುಗುಳು. ಮತ್ತೊಂದೂ ಅಷ್ಟೆ. ಅಷ್ಟರಲ್ಲಿ ಅಂಗಡಿಗೆ ಬಂದಿದ್ದ ಬೇರೆ ಗಿರಾಕಿಗಳೂ ಬಕೆಟ್ಟಿನ ಸುತ್ತ ನಿಂತಿದ್ದರು. ಎರಡನೆಯ, ಮೂರನೆಯ ಮಿಷನ್‌ಗಳ ಮಾನವೂ ಎಲ್ಲರೆದುರಿಗೇ ಹೋಯಿತು. ನಾಲ್ಕನೆಯದು ಬೂದು ಬಣ್ಣದ್ದು, ನೋಡಲು ಏನೂ ಇಲ್ಲ. ಆದರೆ ಅದು ಒಂದರ ಪಕ್ಕ ಒಂದು ಎರಡು ಗೆರೆ ಬೆಸೆಯುತ್ತಿತ್ತು. ಬೇಕೆಂದಾಗ ಗಾಳಿ ಎಳೆಯುವುದನ್ನು ಕೈಯಾರೆ ನಿಲ್ಲಿಸಲು ಒಂದು ಗುಂಡಿಯಿತ್ತು. ಮಾವ ಅದರ ಚೀಲವನ್ನು ಅಂಗೈಯಿಂದ ಒತ್ತಿದರು, ಮುಷ್ಟಿಯಿಂದ ಒತ್ತಿದರು, ಮೊಣಕೈ ಊರಿ ಒತ್ತಿದರು. ನೀರು ತುಟಿಪಿಟಕ್ಕೆನ್ನಲಿಲ್ಲ. ಅಂಗಡಿಯವನು ತಾನೇ ಮಿಷನ್ ಮಾಡಿದವನಂತೆ ಚಪ್ಪಾಳೆ ತಟ್ಟಿದ.

ಸೊಸೆ ನೋಟ್‌ಬುಕ್ ತೆರೆದಳು. "ವೈರು ಗಿಡ್ಡ ಇದೆ ಮಾವ."

"ಉದ್ದದ್ದು ಹಾಕ್ಕೊಳ್ಳೋಣ."

"ಈ ಬಣ್ಣ ಬೇಗ ಕೊಳೆ ಆಗುತ್ತೆ."

"ಒರೆಸಿದ್ರಾಯ್ತು."

"ಕಟ್ಟೆ ಮೇಲೆ ಇಡೋಕೆ ಜಾಗ ಎಲ್ಲಿದೆ?"

ಮಾವ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಎದ್ದು, ಅವಳಿಗೆ ಮಾತ್ರ ಕೇಳುವಂತೆ ಹೇಳಿದರು. "ನೀನು ಮಿಷನ್ ಹುಡುಕ್ತಿದೀಯೋ, ಮಗು ಹೋಗದೆ ಇರೋಕೆ ನೆಪ ಹುಡುಕ್ತಿದೀಯೋ?"

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮೂರು ಅಂಗಡಿ ಸುತ್ತಿದ್ದೂ, ಪುಟಗಟ್ಟಲೆ ಬರೆದದ್ದೂ, ಎಲ್ಲ ಮಿಷನ್‌ಗಳೂ ಕೆಟ್ಟವು ಎಂದು ಮಗಳಿಗೆ ಹೇಳಿ ಕೈ ತೊಳೆದುಕೊಳ್ಳುವುದಕ್ಕೇ. ಅವಳು ನೋಟ್‌ಬುಕ್ ಮುಚ್ಚಿದಳು.

"ಭಯ ಆಗುತ್ತೆ ಮಾವ."

"ಆಗಲಿ ಬಿಡಮ್ಮ, ನನಗೂ ಆಗುತ್ತೆ. ಭಯ ಇಟ್ಕೊಂಡೇ ಕಳಿಸೋಣ."

ಬೂದು ಮಿಷನ್ ಮನೆಗೆ ಬಂತು. ಮುದ್ರಣಾಲಯದಲ್ಲಿ ಪಾಳಿ ಕೆಲಸ ಮಾಡುವ ಗಂಡ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಬಕೆಟ್ ಪರೀಕ್ಷೆ ಆಗಿದೆ ಅಂದ್ಮೇಲೆ ನಾನು ಯಾವ ಗಿಡದ ತೊಪ್ಪಲು" ಎಂದು ಕೆಲಸಕ್ಕೆ ಹೋದ. ಅವಳು ಮೊದಲ ಚೀಲಕ್ಕೆ ಅನ್ನ, ಬೇಳೆ, ಕ್ಯಾರೆಟ್ ತುಂಬಿ ಮುಚ್ಚಳ ಅದುಮಿದಳು. ಮಿಷನ್ ಗುರ್ರೆಂದು ಗಾಳಿ ಎಳೆಯಿತು, ಗಾಳಿಯ ಜೊತೆಗೆ ಬೇಳೆಯ ನೀರನ್ನೂ ಎಳೆಯಿತು. ಬೆಸುಗೆ ಹಿಡಿಯಲೇ ಇಲ್ಲ. ಚೀಲ ಎತ್ತಿದರೆ ತೊಟತೊಟ ಸೋರಿತು.

"ನೋಡಿದ್ರಾ!" ಎಂದಳು. ತನ್ನ ದನಿಯಲ್ಲಿ ಗೆದ್ದ ಖುಷಿಯಿದ್ದದ್ದು ತನಗೇ ಕೇಳಿಸಿ ನಾಚಿಕೆಯಾಯಿತು. ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಸಣ್ಣದಾಗಿತ್ತು.

ಮಾವ ಮಾತ್ರ ಚೀಲದ ಬಾಯನ್ನು ಬೆರಳಲ್ಲಿ ಸವರಿ ನೋಡಿದರು. "ಒದ್ದೆ ಟ್ಯೂಬ್‌ಗೆ ಯಾರಾದ್ರೂ ಪ್ಯಾಚ್ ಹಾಕ್ತಾರಾ? ಮಿಷನ್ ತಪ್ಪಲ್ಲ ಇದು. ಬಾಯಿ ಒಣಗಿರಬೇಕು, ಜಿಡ್ಡಿರಬಾರದು. ಊಟ ಮೊದಲು ಡಬ್ಬೀಲಿ ಹಾಕಿ ಫ್ರೀಜರ್‌ನಲ್ಲಿಡು. ಗಟ್ಟಿ ಆದಮೇಲೆ ಇಟ್ಟಿಗೆ ಹಾಗೆ ಕವರ್‌ಗೆ ಇಳಿಸು. ಆಗ ಎಳೆಯೋಕೆ ನೀರೆಲ್ಲಿರುತ್ತೆ?"

ಸೊಸೆ ಒಂದು ಕ್ಷಣ ಚೀಲವನ್ನೇ ನೋಡಿದಳು. ಆಮೇಲೆ ಹೊಸದೊಂದನ್ನು ತೆಗೆದು, ಅದರ ಬಾಯನ್ನು ಅಂಗಿಯ ತೋಳಿನ ಪಟ್ಟಿಯಂತೆ ಹೊರಕ್ಕೆ ಎರಡು ಸುತ್ತು ಮಡಚಿದಳು. ಹಾಗೆ ಮಡಚಿ ತುಂಬಿ, ಮತ್ತೆ ಬಿಚ್ಚಿದರೆ, ಬೆಸೆಯುವ ಜಾಗಕ್ಕೆ ಒಂದು ಅಗುಳೂ ತಾಗುವುದಿಲ್ಲ.

ಮಾವ ಕಣ್ಣರಳಿಸಿದರು. "ನಲವತ್ತು ವರ್ಷದಲ್ಲಿ ನನಗೆ ಇದು ಹೊಳೀತಿರಲಿಲ್ಲ ನೋಡು!" ಅವರು ಹೊಗಳುವುದು ಅಪರೂಪ. ಅವಳು ಮುಖ ತಿರುಗಿಸಿ ಒಲೆಯ ಕಡೆ ಹೋದಳು, ಆದರೆ ಆ ಸಂಜೆಯೆಲ್ಲ ಅವಳ ಕೈ ಹಗುರವಾಗಿ ಓಡಿತು.

ಮರುದಿನ ಗಟ್ಟಿಯಾದ ಊಟವನ್ನು ಬೆಸೆಯುವ ಕೆಲಸ ಲಾಯರಮ್ಮನ ಪಾಲಿಗೆ ಬಂತು. ತಾತ ಪಕ್ಕದಲ್ಲಿ ಕೂತು ಕಲಿಸಿದರು. ಗೆರೆಯ ಉದ್ದಕ್ಕೂ ಉಗುರು ಎಳೆಯಬೇಕು, ಎಲ್ಲೂ ಸುಕ್ಕು ಸಿಗಬಾರದು. ಚೀಲ ಊಟವನ್ನು ಬಿಗಿಯಾಗಿ ಅಪ್ಪಿಕೊಂಡಿರಬೇಕು. ದಿನವೂ ತಿನ್ನುವ ಮೊದಲು ಹಿಸುಕಿ ನೋಡಬೇಕು.

"ಬೆಸೆದಾಗ ಗಟ್ಟಿ ಇದ್ದು ಆಮೇಲೆ ಸಡಿಲ ಆದ್ರೆ, ತಾತ?"

"ತಿನ್ನಬೇಡ. ಗಾಳಿ ಹೋದ ದಾರೀಲಿ ಗೋಧಿ ಬೆಂದ ಪಾತ್ರೆ ನೀರೂ ಹೋಗುತ್ತೆ."

"ತುಂಬಾ ಹಸಿವಾಗಿದ್ರೆ?"

"ಆದ್ರೂ ತಿನ್ನಬೇಡ."

"ಅಡುಗೆಯವರು ಏನೂ ಆಗಲ್ಲ ತಿನ್ನು ಅಂತ ಬೈದ್ರೆ?"

"ಲಾಯರಮ್ಮ ನೀನು. ವಾದ ಮಾಡು."

ಐದು ದಿನಕ್ಕೆ ಹತ್ತು ಪೊಟ್ಟಣ ಸಾಕಿತ್ತು. ಹತ್ತಾದ ಮೇಲೆ ಮಾವ ಇನ್ನೊಂದು ಚೀಲ ಮುಂದಿಟ್ಟರು. ಜಾಗ ಹಿಡಿಯುವುದಿಲ್ಲ ಎಂದಳು ಸೊಸೆ. "ಸ್ಟೆಪ್ನಿ ಇಲ್ಲದೆ ಗಾಡಿ ಹೊರಡಬಾರದು" ಎಂದರು ಮಾವ. ಹನ್ನೊಂದನೆಯದನ್ನು ಹುಡುಗಿಯೇ ತುಂಬಿ, ಮಡಿಕೆ ಬಿಚ್ಚಿ, ಒರೆಸಿ, ಬೆಸೆದಳು.

ಅವಳು ಹೋದ ಐದು ದಿನ ಅಮ್ಮ ಕಾರ್ಖಾನೆಯಲ್ಲಿ ಕೂತಿದ್ದಳೆಂದಷ್ಟೇ ಹೇಳಬಹುದು. ಮೂರನೆಯ ದಿನ ಮೇಲ್ವಿಚಾರಕಿ ಒಂದು ಅಂಗಿ ಹಿಡಿದುಕೊಂಡು ಬಂದು, "ಬಾಣ ಅಂಟಿಸಿದೀಯ, ಇದರಲ್ಲಿ ಏನು ತಪ್ಪಿದೆ?" ಎಂದು ಕೇಳಿದಳು. ಇವಳು ತಿರುಗಿಸಿ ಮುರುಗಿಸಿ ನೋಡಿದಳು. ಏನೂ ತಪ್ಪಿರಲಿಲ್ಲ. ಮನೆಯಲ್ಲಿ ಮಾವ, ಫೋನ್ ಬರಲಿಲ್ಲ ಅಂದರೆ ಒಳ್ಳೇದು ಎಂದು ಧೈರ್ಯ ಹೇಳುತ್ತಲೇ ಗಳಿಗೆಗೊಮ್ಮೆ ಫೋನ್ ಎತ್ತಿ ನೋಡುತ್ತಿದ್ದರು.

ಶನಿವಾರ ಮಧ್ಯಾಹ್ನ ಹುಡುಗಿ ಬಂದಳು. ಬಿಸಿಲಿಗೆ ಮೂಗಿನ ತುದಿ ಸುಲಿದಿತ್ತು. ಚಪ್ಪಲಿ ಬಿಡುವ ಮೊದಲೇ, "ಕೈ ಬಿಟ್ಟು ತೇಲೋಕೆ ಬರುತ್ತೆ ನನಗೆ!" ಎಂದಳು. ಅಮ್ಮ ಅವಳ ಹಣೆ ಮುಟ್ಟಿ, ಹೊಟ್ಟೆ ಮುಟ್ಟಿ, ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಎಲ್ಲ ಸರಿಯಿತ್ತು. ಆಮೇಲೆ ಚೀಲ ಬಿಚ್ಚಿದಳು. ತೊಳೆದು ಒಣಗಿಸಿ ಮಡಚಿದ ಹತ್ತು ಖಾಲಿ ಕವರ್‌ಗಳು. ಅವುಗಳಡಿ ಬಿಚ್ಚದ ಒಂದು ಪೊಟ್ಟಣ, ಕೊಳೆತು ಉಬ್ಬಿದ್ದು. ಅವಳು ಅದನ್ನು ಎತ್ತಿ ಮಗಳ ಮುಖ ನೋಡಿದಳು.

"ನಾಲ್ಕನೇ ದಿನ ತೆಗೆದಾಗ ಇದು ಸಡಿಲ ಇತ್ತು" ಎಂದಳು ಮಗಳು. "ಅಡುಗೆಯವರು ಏನೂ ಆಗಲ್ಲ ಅಂದ್ರು. ಮೇಷ್ಟ್ರೂ ಹಾಗೇ ಅಂದ್ರು. ನಾನು ಒಪ್ಪಲಿಲ್ಲ. ಒಂದು ಬಕೆಟ್ ನೀರು ಕೊಡಿ ಅಂದೆ."

"ಲೋಟದಲ್ಲಿ ತಂದುಕೊಟ್ಟರಾ?" ಎಂದರು ಮಾವ.

"ನಿನಗೆ ಹೇಗೆ ಗೊತ್ತು ತಾತ?"

ಮಾವ ನಕ್ಕ ನಗೆಗೆ ಕೆಮ್ಮು ಬಂತು. "ಆಮೇಲೆ?"

"ಆಮೇಲೆ ಬಕೆಟ್ ತಂದ್ರು. ನಾನು ತೋರಿಸಿದೆ. ಸ್ಟೆಪ್ನಿ ತಿಂದೆ."

ಅಮ್ಮ ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆಸುಗೆಯ ಎರಡು ಗೆರೆಗಳ ಬಲತುದಿಯಲ್ಲಿ, ಅಂಚು ಹಳದಿಗಟ್ಟಿದ, ಬೀರುವಿನ ಬಾಗಿಲಿನಿಂದ ಮಗಳು ಕಿತ್ತು ಕೊಂಡೊಯ್ದಿದ್ದ ಒಂದು ಕೆಂಪು ಬಾಣ ಅಂಟಿಕೊಂಡಿತ್ತು. ಅದರ ಮೊನೆಯ ಮುಂದೆ ಅವಳ ಕಣ್ಣಿಗೂ ಯಾವ ತೂತೂ ಕಾಣಲಿಲ್ಲ.

ಮಾವ ಆಗಲೇ ಬಚ್ಚಲಿನಿಂದ ಬಕೆಟ್ ತುಂಬಿಸಿ ತಂದಿದ್ದರು. ಮೂವರೂ ಅದರ ಸುತ್ತ ಕುಕ್ಕರಗಾಲಲ್ಲಿ ಕೂತರು. ಅಮ್ಮ ಪೊಟ್ಟಣವನ್ನು ಮುಳುಗಿಸಿ ಮೆಲ್ಲಗೆ ಒತ್ತಿದಳು. ಬಾಣದ ಮೊನೆಯಿಂದ ಕೂದಲೆಳೆಯಷ್ಟು ಮುಂದೆ, ಸಾಸಿವೆ ಕಾಳಿನಷ್ಟು ಸಣ್ಣದೊಂದು ಗುಳ್ಳೆ ಎದ್ದು ಮೇಲೆ ಬಂತು. ಅದರ ಹಿಂದೆ ಇನ್ನೊಂದು. ಅವಳು ಕೈ ತೆಗೆಯಲಿಲ್ಲ, ಮತ್ತೊಮ್ಮೆ ಒತ್ತಿದಳು.