ಹಣೆಯ ಮೇಲಿನ ನಾಲ್ಕು ಬಿಲ್ಲೆ

ಹತ್ತಿಯುಂಡೆಗೆ ಬಿಳಿ ಮುಲಾಮು ಸಿಪ್ಪೆಸಿಪ್ಪೆಯಾಗಿ ಅಂಟಿ ಬರುತ್ತಿದೆ, ಎಷ್ಟು ಮೆತ್ತಿದ್ದಾನಪ್ಪಾ ಅಣ್ಣ, ಗೋಡೆಗೆ ಸುಣ್ಣ ಬಳಿದ ಹಾಗೆ, ಅವಳ ತೊಡೆಯ ಮೇಲೆ ಊಟದ ತಟ್ಟೆಯಷ್ಟಗಲದ ಮರಿ ಆಮೆ ಕಾಲು ಬಡಿಯುತ್ತಿದೆ, ಇರು ಮಾರಾಯ ಇರು, ಬಲೆಯಲ್ಲಿ ಸಿಕ್ಕಿ ಹಣೆ ತರಚಿಕೊಂಡು ಬಂದಾಗ ಹೀಗೆ ಬಡಿಯುವ ತ್ರಾಣವೂ ಇರಲಿಲ್ಲ ನಿನಗೆ — ಮೊದಲು ಮದ್ದು, ಆಮೇಲೆ ಫೋಟೊ, ಈ ಆಮೆ ಆಸ್ಪತ್ರೆಯಲ್ಲಿ ಅಣ್ಣನ ಕಾನೂನು ಅದು, ಆ ಫೋಟೊ ನೋಡಿಯೇ ಅವನು ಜಾತಿ ಹೇಳಿದ್ದು, ಬೆನ್ನಿನ ಚಿಪ್ಪಿನ ಎರಡೂ ಪಕ್ಕ ನಾಲ್ಕು ನಾಲ್ಕು ಬಿಲ್ಲೆ, ಹಸಿರು ಕಡಲಾಮೆ, ಮುಗೀತು, ಅಣ್ಣ ಹೇಳಿದ ಮೇಲೆ ಅಪೀಲು ಎಲ್ಲಿ, ಚಿಕ್ಕವರಿದ್ದಾಗ ಚದುರಂಗದಲ್ಲಿ ಅವಳ ಕಾಯಿಗಳನ್ನೂ ಅವನೇ ನಡೆಸುತ್ತಿದ್ದ, ಸುಮ್ನಿರೇ, ನಿಂಗೊತ್ತಾಗಲ್ಲ — ಬಾಗಿಲಲ್ಲಿ ದೋಣಿಯವನು, ಡಾಕ್ಟ್ರಮ್ಮ, ಆಯ್ತಾ, ಬಿಸಿಲೇರ್ತಾ ಇದೆ, ಆಯ್ತಪ್ಪ ಆಯ್ತು, ಇವತ್ತು ಇವನನ್ನು ದಕ್ಷಿಣಕ್ಕೆ ಒಯ್ದು ಕಡಲಹುಲ್ಲಿನ ಬಯಲಲ್ಲಿ ಬಿಡಬೇಕು, ಹಸಿರು ಕಡಲಾಮೆಗೆ ಹುಲ್ಲೇ ಊಟ — ಇದೇನಿದು. ಎರಡು ಕಣ್ಣಿನ ನಡುವೆ ಒಂದು ಅಡ್ಡಗೆರೆ. ಗಾಯದ್ದಲ್ಲ, ಗಾಯ ಅತ್ತ ಪಕ್ಕದಲ್ಲಿ ಮಾಗಿದೆ, ಇದು ಹುಟ್ಟಿನಿಂದ ಬಂದದ್ದು, ಇನ್ನೊಂದು ಚೂರು ಒರೆಸು, ಮೆಲ್ಲಗೆ, ಹಸಿರು ಕಡಲಾಮೆಗೆ ಎರಡು ಬಿಲ್ಲೆ ಇರಬೇಕಾದಲ್ಲಿ ನಾಲ್ಕು, ಎರಡು ಮೇಲೆ, ಎರಡು ಕೆಳಗೆ, ಬೆನ್ನಿನ ಲೆಕ್ಕ ಇನ್ನೊಂದು ಜಾತಿಗೂ ಅದೇ, ಗುಟ್ಟು ಹೇಳುವುದು ಹಣೆ, ಆ ಹಣೆಗೇ ಮುಲಾಮು ಮೆತ್ತಿ ಜಾತಿ ಹುಡುಕಿದ್ದೇವಲ್ಲ ನಾವು ಜಾಣರು, ಮತ್ತೆ ಈ ಮೂತಿ, ಚೂಪಾಗಿ ಬಾಗಿದ ಈ ಕೊಕ್ಕು — ಗಿಡುಗಕೊಕ್ಕಿನ ಕಡಲಾಮೆ! ಹುಲ್ಲಿನವನಲ್ಲ ಇವನು, ಹವಳದ ಬಂಡೆಯ ಸಂದಿಯಿಂದ ಸ್ಪಂಜೆಂಬ ಮೆತ್ತನೆ ಕಡಲಜೀವಿಯನ್ನು ಕಿತ್ತು ತಿನ್ನುವವನು, ಆ ಬಯಲಿಗೆ ಬಿಟ್ಟರೆ ಕೈಯಾರೆ ಉಪವಾಸ ಕೆಡವಿದ ಹಾಗೆ. ಅಣ್ಣನನ್ನು ಕೂಗಬೇಕು. ತಪ್ಪಾದರೆ ವರ್ಷವೆಲ್ಲ ಆಡಿಕೊಂಡು ನಗುತ್ತಾನೆ, ನಗಲಿ, ಅಣ್ಣಾ, ಬಾ ಇಲ್ಲಿ.

ಬಂದ, ಚಹಾದ ಲೋಟ ಕೈಯಲ್ಲೇ, ಮತ್ತೇನೇ ನಿಂದು, ಅವಳು ಆಮೆಯ ಹಣೆ ತೋರಿಸಿದಳು, ಅವನು ಕನ್ನಡಕ ಮೇಲೇರಿಸಿ ಬಗ್ಗಿದ, ಬಗ್ಗಿದವನು ಏಳಲೇ ಇಲ್ಲ, ಲೋಟದಿಂದ ಚಹಾ ನೆಲಕ್ಕೆ ತೊಟ್ಟಿಕ್ಕುತ್ತಿದೆ, ಹೇಳು ಮಾರಾಯ ಹೇಳು — ಥತ್, ನಾನೇ ಮೆತ್ತಿದ್ನಲ್ಲೇ ಇದನ್ನ, ನೀನೇ ಸರಿ ಕಣೇ, ನೂರಕ್ಕೆ ನೂರು ಸರಿ. ಅವಳಿಗೆ ಕುಣಿಯಬೇಕೆನ್ನಿಸಿತು, ತೊಡೆಯ ಮೇಲೆ ಆಮೆ ಇಟ್ಟುಕೊಂಡು ಹೇಗೆ ಕುಣಿಯುವುದು, ಹಾಗಾದ್ರೆ ಯಾವ ಕಡೆಗೆ ಹೋಗೋದು ಅಂತ ದೋಣಿಯವನು, ಅಣ್ಣ ಅವಳತ್ತ ನೋಡಿದ, ಉತ್ತರಕ್ಕೆ ಎಂದಳು, ಹವಳದ ಬಂಡೆಗೆ, ದನಿ ಎಷ್ಟು ಗಟ್ಟಿಯಾಗಿ ಬಂತೆಂದರೆ ಅವಳೇ ಬೆಚ್ಚಿದಳು — ಈಗ ದೋಣಿಯಂಚಿಗೆ ಹೊಟ್ಟೆಯಾನಿಸಿ ಬಗ್ಗಿದ್ದಾಳೆ, ಉಪ್ಪುನೀರು ಮುಖಕ್ಕೆ ಸಿಡಿಯುತ್ತಿದೆ, ನೀರು ಗಾಜಿನಷ್ಟು ತಿಳಿ, ಕೈ ಸಡಿಲಿಸಿದ್ದೇ ತಡ ಆಮೆರಾಯ ಹೋದ, ತಿರುಗಿಯೂ ನೋಡದೆ ಹೋದ, ಹೋಗಲಿ ಬಿಡು, ನೆಟ್ಟಗೆ ಬಂಡೆಯತ್ತಲೇ ಇಳಿದ, ಹಿಂದೆ ಅಣ್ಣ ಏನೋ ಕೂಗುತ್ತಿದ್ದಾನೆ, ಕಾಣಿಸ್ತಾ, ಏನ್ ಮಾಡ್ತಿದಾನೆ, ಅವಳ ಕಣ್ಣಿನ ತುಂಬ ಅದೊಂದೇ, ಆ ಕೊಕ್ಕು, ಬಂಡೆಯ ಸಂದಿಗೆ ತೂರಿದ ಕೊಕ್ಕು, ಎಳೆಯುತ್ತಿದೆ, ಎಳೆಯುತ್ತಿದೆ, ಕಿತ್ತಿತು.