ವಾಡೇವಿನಲ್ಲಿ ಕಳಕಮ್ಮ

ಬೇವೂರಿನಿಂದ ಗಂಗಾವತಿಗೆ ಮನೆ ಸಾಗಿಸಲು ಐದು ರೂಪಾಯಿ ಬಾಡಿಗೆ ಎಂದು ಕೇಳಿ ಕಳಕಮ್ಮನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ಒಂದು ಉಪಾಯ ಹೊಳೆಯಿತು. ಅವಳಿಗೆ ಯಾವಾಗಲೂ ಎಲ್ಲವೂ ಇದೇ ಕ್ರಮದಲ್ಲಿ ಬರುತ್ತಿದ್ದವು.

ಅವಳ ಗಂಡ ಅಮರಪ್ಪನಿಗೆ ಗಂಗಾವತಿಯ ಅಕ್ಕಿ ಅಂಗಡಿಯೊಂದರಲ್ಲಿ ಅಳೆಯುವ ಕೆಲಸ ಸಿಕ್ಕಿತ್ತು. ಅಂಗಡಿಯ ಹಿಂದೆಯೇ ಇರಲು ಎರಡು ಅಂಕಣದ ಮನೆಯನ್ನೂ ಕೊಟ್ಟಿದ್ದರು. ಅಮರಪ್ಪ ಒಳ್ಳೆಯ ಮನುಷ್ಯ, ಸ್ವಲ್ಪ ಪುಕ್ಕಲ. ಹೆಂಡತಿಯ ಮಾತಿಗೆ ಹೂಂ ಅನ್ನುವುದರಲ್ಲಿ ಹನ್ನೆರಡು ವರ್ಷ ಪಳಗಿದವನು. ಬಂಡಿ ಅವನ ಅಪ್ಪನ ಕಾಲದ್ದು ಮನೆಯಲ್ಲೇ ಬಿದ್ದಿತ್ತು, ಎತ್ತುಗಳಷ್ಟೇ ಬೇಕಾಗಿದ್ದವು. ಊರಿನ ಗಟ್ಟಿ ಎತ್ತುಗಳನ್ನೆಲ್ಲ ಬಿಟ್ಟು ಕಳಕಮ್ಮ ವೆಂಕೋಬನ ಮುದಿ ಜೋಡಿಯನ್ನು ಒಂದೂವರೆ ರೂಪಾಯಿಗೆ ಗೊತ್ತು ಮಾಡಿದಳು.

"ಆ ಎತ್ತು ತಮ್ಮ ಬಾಲ ಎತ್ತಾಕೂ ಆಗಲಾರದಂಗ ಅದಾವಲ್ಲ" ಎಂದ ಅಮರಪ್ಪ.

"ಬಾಲ ಎತ್ತಿ ಏನ್ ಆಗಬೇಕಾಗೇತಿ? ಕಾಲು ಎತ್ತಿದ್ರ ಸಾಕು" ಎಂದಳು ಕಳಕಮ್ಮ. ಅಮರಪ್ಪ ಹೂಂ ಅಂದ.

ಸಾಮಾನು ಅಂಥಾದ್ದೇನೂ ಇರಲಿಲ್ಲ. ತಾಮ್ರದ ಹಂಡೆ, ಬೀಸುವ ಕಲ್ಲು, ನಾಲ್ಕು ಕೌದಿ, ಮೊರ, ಕಸಬರಿಗೆ, ಬಳೆಯ ಡಬ್ಬಿ. ಇವೆಲ್ಲ ಬಿದ್ದರೂ ಏಳುವ ಸಾಮಾನು. ಬಿದ್ದರೆ ಏಳದ್ದು ಒಂದೇ ಒಂದು, ಅವ್ವನ ವಾಡೇವು. ಕಳಕಮ್ಮನ ಅವ್ವ ಕೆಂಪು ಮಣ್ಣಿಗೆ ಹುಲ್ಲು ಕಲಸಿ, ತುಳಿದು, ಎದೆಮಟ್ಟ ಕೈಯಲ್ಲೇ ಕಟ್ಟಿ ಬಿಸಿಲಿಗೆ ಒಣಗಿಸಿದ, ಕಾಳು ತುಂಬಿಡುವ ವಾಡೇವು ಅದು. ಆವಿಗೆಯಲ್ಲಿ ಸುಟ್ಟದ್ದಲ್ಲ, ನೀರು ಕಂಡರೆ ಕರಗುವಂಥದ್ದು. ಅವ್ವ ತೀರಿಕೊಂಡು ಎಂಟು ವರ್ಷವಾಗಿತ್ತು. ಅವಳದೊಂದು ಸೀರೆಯೂ ಉಳಿದಿರಲಿಲ್ಲ, ಅವಳ ಕೈಯ ಕೆಲಸವೆಂದು ಉಳಿದದ್ದು ಈ ಮಣ್ಣು ಮಾತ್ರ. ಅದಕ್ಕೆ ಏನಾದರೂ ಆದರೆ ತಾನು ಎರಡನೇ ಸಲ ತಬ್ಬಲಿಯಾಗುತ್ತೇನೆ ಎಂದು ಕಳಕಮ್ಮನಿಗೆ ಅನ್ನಿಸುತ್ತಿತ್ತು, ಮತ್ತು ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಿಯೂ ಇದ್ದಳು.

ವಾಡೇವು ಅಲುಗದಂತೆ ಸುತ್ತ ಒತ್ತಿಡಲು ಹುಲ್ಲು ಬೇಕಿತ್ತು. ಹುಲ್ಲಿಗೆ ರೊಕ್ಕ ಬೇಕು. ಬೇವೂರಿನಲ್ಲಿ ಬೇವಿನ ಸೊಪ್ಪು-ತಪ್ಪಲಕ್ಕೆ ಯಾರೂ ರೊಕ್ಕ ಕೇಳುವುದಿಲ್ಲ. ಕಳಕಮ್ಮ ನಾಲ್ಕು ಹೊರೆ ಬೇವು ತರಿಸಿ ಬಂಡಿ ತುಂಬ ಹಾಸಿದಳು, ವಾಡೇವಿನ ಸುತ್ತ ಒತ್ತಿದಳು, ಮಿಕ್ಕಿದ ಟೊಂಗೆಗಳನ್ನು ನಾಲ್ಕೂ ಮೂಲೆಗೆ ಸಿಕ್ಕಿಸಿದಳು. ಖಾಲಿ ವಾಡೇವು ಕುಣಿಯುತ್ತದೆ, ಕಾಳು ತುಂಬಿದರೆ ಬಿರಿಯುತ್ತದೆ. ಹಾಗಾಗಿ ಒಳಗೆ ಕೆಂಪು ಕೌದಿ ಹಾಸಿ ತಾನೇ ಇಳಿದು ಕುಳಿತಳು. ಅಂದು ಶುಕ್ರವಾರ. ಮಿಂದು ಮುಖಕ್ಕೆ ದಪ್ಪಗೆ ಅರಿಷಿಣ ಹಚ್ಚಿ, ಕಾಸಿನಗಲ ಕುಂಕುಮ ಇಟ್ಟುಕೊಂಡಿದ್ದಳು. ಬೇವಿನ ಹಸಿರಿನ ಮೇಲೆ ಹಳದಿ ಮುಖವೊಂದೇ ಕಾಣುತ್ತಿತ್ತು.

ವೆಂಕೋಬನ ಎತ್ತುಗಳು ಎರಡು ಹರದಾರಿ ನಡೆದು, ಮುಂದಿನ ಊರಿನ ಗಡಿಯಲ್ಲಿ ಒಂದರ ಹಿಂದೆ ಒಂದು ಮಲಗಿಬಿಟ್ಟವು. ವೆಂಕೋಬ ಅವುಗಳ ಕಾಲಿಗೆ ಬಿದ್ದ, ಬೈದ, ಕೊನೆಗೆ ನೊಗದಿಂದ ಬಿಚ್ಚಿ ಎಬ್ಬಿಸಿಕೊಂಡು ಬೇವೂರಿನ ಕಡೆ ನಡೆದ. ಬೇರೆ ಎತ್ತು ಹುಡುಕಲು ಅಮರಪ್ಪ ಆ ಊರೊಳಗೆ ಹೋದ. ಬಿಸಿಲಿಗೆ ಕಳಕಮ್ಮನಿಗೆ ಕಣ್ಣು ಹತ್ತಿತು.

ಈಗ ನೀವೇ ನೋಡಿ. ಊರ ಗಡಿ. ಎತ್ತಿಲ್ಲದೆ ನಿಂತ ಒಂಟಿ ಬಂಡಿ. ಸುತ್ತ ಬೇವು, ಪಕ್ಕದಲ್ಲಿ ಮೊರ, ಕಸಬರಿಗೆ, ಬಳೆ. ನಡುವೆ ಕಣ್ಣು ಮುಚ್ಚಿದ ಅರಿಷಿಣದ ಮುಖ. ಊರಿಗೆ ಬೇನೆ ಬಂದಾಗ ಬೇನೆಯ ದೇವಿ ಅಮ್ಮನ ಮೂರ್ತಿಯನ್ನು ಹೀಗೆಯೇ ಸಿಂಗರಿಸಿ, ಬಂಡಿಯಲ್ಲಿ ಕೂರಿಸಿ, ಪಕ್ಕದ ಊರಿನ ಗಡಿಗೆ ಬಿಟ್ಟು ಬರುತ್ತಾರೆ. ಆ ಊರಿನವರು ಮರ್ಯಾದೆಯಿಂದ, ಆದರೆ ಬೇಗನೆ, ಮುಂದಿನ ಊರಿನ ಗಡಿ ದಾಟಿಸುತ್ತಾರೆ. ಎಲ್ಲಿಂದ ಬಂದಳೆಂದು ಕೇಳುವುದಿಲ್ಲ, ಮುಖ ಎತ್ತಿ ನೋಡುವುದಿಲ್ಲ.

ಹಲಗೆ ಬಾರಿಸುವ ಸದ್ದಿಗೆ ಕಳಕಮ್ಮ ಎಚ್ಚರಗೊಂಡಾಗ ಬಂಡಿ ಓಡುತ್ತಿತ್ತು. ಮುಂದೆ ಬಿಳಿ ಹೋರಿಗಳ ಜೋಡಿ, ಹಿಂದೆ ಅರ್ಧ ಊರು. ಹೆಂಗಸರು ತೆಂಗಿನಕಾಯಿ, ಬೆಲ್ಲ, ಕುಬುಸದ ಕಣಗಳನ್ನು ಬಂಡಿಗೆ ಹಾಕುತ್ತಿದ್ದರು. "ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳವ್ವಾ, ಮುಂದಕ್ಕ ಹೋಗವ್ವಾ!" ಎಂದು ಕೂಗುತ್ತಿದ್ದರು. ಆಗಲೇ ಬಾಯಿ ತೆರೆದು ನಾನು ಕಳಕಮ್ಮ ಎಂದಿದ್ದರೆ ಮುಗಿಯುತ್ತಿತ್ತು. ಅವಳು ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಹೋರಿಗಳ ಕಡೆ ಕಣ್ಣು ಹೋಯಿತು. ಎಂಥ ಹೋರಿಗಳು! ಅದೂ ಪುಕ್ಕಟೆ! ಅವಳು ಬಾಯಿ ಮುಚ್ಚಿದಳು.

ಏದುಸಿರು ಬಿಡುತ್ತ ಓಡಿ ಬಂದ ಅಮರಪ್ಪನ ಕೈಗೆ ಯಾರೋ ಗಂಟೆ ಕೊಟ್ಟು ಪೂಜಾರಿ ಮಾಡಿದರು. ಮುಂದಿನ ಗಡಿಯಲ್ಲಿ ಬಂಡಿ ಬಿಟ್ಟು ಊರಿನವರು ತಿರುಗಿ ನೋಡದೆ ಹೋದರು.

"ಇದು ಪಾಪ ಐತಿ" ಎಂದ ಅಮರಪ್ಪ. ಅವನು ಬೆವರು ಒರೆಸಿಕೊಂಡಾಗಲೆಲ್ಲ ಕೈಯಲ್ಲಿದ್ದ ಗಂಟೆ ಗಣಗುಡುತ್ತಿತ್ತು.

"ನಾ ಏನಾರ ಸುಳ್ಳು ಹೇಳೀನೇನ್ರಿ? ತುಟಿ ಪಿಟಕ್ ಅಂದಿಲ್ಲ. ಬೆಲ್ಲ ತಿನ್ರಿ, ಛಲೋ ಐತಿ."

ಅಮರಪ್ಪ ಬೆಲ್ಲ ತಿಂದ. ಗಂಟೆಯ ಸದ್ದು ಕೇಳಿ ಮುಂದಿನ ಊರಿನವರು ಎತ್ತು ಹೊಡೆದುಕೊಂಡು ಬಂದೇಬಿಟ್ಟರು. ಹೀಗೆ ಊರಿಂದ ಊರಿಗೆ, ಗಡಿಯಿಂದ ಗಡಿಗೆ ಬಂಡಿ ಹಾರಿಕೊಂಡು ಹೋಯಿತು. ಒಂದೂರು ಎರಡು ಜೋಡಿ ಹೂಡಿತು, ಇನ್ನೊಂದೂರು ಕೀಲಿಗೆ ಎಣ್ಣೆ ಬಿಟ್ಟಿತು. ತಗ್ಗು ಬಂದಲ್ಲಿ ಅಮ್ಮನಿಗೆ ಜರ್ಕು ಆಗಬಾರದೆಂದು ಗಂಡಸರು ಬಂಡಿಯನ್ನೇ ಹೊತ್ತು ದಾಟಿಸಿದರು. ಐದು ರೂಪಾಯಿ ಕೊಟ್ಟಿದ್ದರೂ ಯಾವ ಬಂಡಿಯವನು ಹೊರುತ್ತಿದ್ದ? ಅವ್ವನ ವಾಡೇವಿಗೆ ಒಂದು ಗೀರೂ ಬಿದ್ದಿರಲಿಲ್ಲ. ಕಳಕಮ್ಮನಿಗೆ ಒಳಗೊಳಗೇ ನಗು ಉಕ್ಕಿ ಉಕ್ಕಿ ಬಂದು, ಅದನ್ನು ತಡೆಯಲು ತುಟಿ ಕಚ್ಚಿದರೆ ಜನ, ಅಮ್ಮ ಮುನಿದಾಳ ಎಂದು ಇನ್ನೊಂದು ಕೋಳಿ ಕಟ್ಟುತ್ತಿದ್ದರು. ಮರುದಿನ ಹೊತ್ತು ಇಳಿಯುವಾಗ ಗಂಗಾವತಿಯ ಗಡಿ ಮುಟ್ಟಿದರು. ಬಂಡಿಯಲ್ಲಿ ಹನ್ನೊಂದು ಕುಬುಸದ ಕಣ, ನಾಲ್ಕು ಕೋಳಿ, ಒಂದು ಆಡಿನ ಮರಿ.

ಗಂಗಾವತಿಯವರಿಗೂ ಸುದ್ದಿ ಮುಟ್ಟಿತ್ತು. ಗವಿಸಿದ್ದಪ್ಪನೆಂಬ ಕುಳ ನಾಲ್ಕು ಎತ್ತು, ಹಲಗೆಯವನೂ ಸೇರಿ ಇಪ್ಪತ್ತು ಜನರೊಂದಿಗೆ ದಾರಿಗೆ ಅಡ್ಡ ನಿಂತಿದ್ದ.

"ಊರೊಳಗ ಬ್ಯಾಡ" ಎಂದ ಅವನು. "ಹೊರಗಿಂದ ಹೊರಗ ಹೊಳಿಗೆ ಒಯ್ದು ನೀರಾಗ ಬಿಡೋಣು. ಮುಂದಿನ ಊರಿಗೂ ತ್ರಾಸ ಬ್ಯಾಡ."

ಕಳಕಮ್ಮ ವಾಡೇವಿನ ಅಂಚು ಬಿಗಿಹಿಡಿದಳು. ನೀರಾಗ! ಅಮರಪ್ಪ ಮುಂದೆ ನುಗ್ಗಿ, "ಇದು ನಮ್ಮ ಸಂಸಾರ ರೀ! ನಾವು ಇಲ್ಲೇ ಮನಿ ಮಾಡೀವ್ರಿ!" ಎಂದು ಗೋಗರೆದ.

"ಪೂಜಾರಿಗೂ ಮೈ ತುಂಬೇತಿ, ಹಿಡಕೋರಿ" ಎಂದ ಗವಿಸಿದ್ದಪ್ಪ. ಇಬ್ಬರು ಹಿಡಿದುಕೊಂಡರು.

ಕಳಕಮ್ಮ ವಾಡೇವಿನಲ್ಲಿ ಎದ್ದು ನಿಂತಳು. ಜನರಿಗೆ ಧೈರ್ಯ ಹೇಳಬೇಕೆಂದು ಅವಳ ಬಾಯಿಂದ ಬಂದದ್ದು ಹೇಳಬಾರದ ಮಾತೇ ಆಗಿತ್ತು. "ಯಾರೂ ಹೆದರಬ್ಯಾಡ್ರಿ! ನಾ ನಿಮ್ಮೂರಾಗ ಇರಾಕ ಬಂದೀನಿ!"

ಇಪ್ಪತ್ತು ಜನ ಒಟ್ಟಿಗೆ ನೆಲಕ್ಕೆ ಬಿದ್ದು, ಒಟ್ಟಿಗೆ ಎದ್ದರು. "ಅಮ್ಮ ಮಾತಾಡ್ಯಾಳ! ಇಲ್ಲೇ ಇರ್ತಾಳಂತ! ಹೊಡೀರಲೇ ಎತ್ತು!" ಬಂಡಿ ಹೊಳೆಯ ದಾರಿ ಹಿಡಿದು ದಡದಡ ಓಡಿತು. ಹಿಡಿದವರು ಅಮರಪ್ಪನನ್ನೂ ಹಿಂದೆ ಎಳೆದುಕೊಂಡು ಓಡಿದರು. ಕಳಕಮ್ಮ ಕೂಗಿದಳು, ಅತ್ತಳು, ಊರವರ ಹಿರಿಯರನ್ನೆಲ್ಲ ಎತ್ತಿ ಬೈದಳು. ಬೈದಷ್ಟೂ ಅವರು ಕೈ ಮುಗಿದರು.

ಹೊಳೆಯಲ್ಲಿ ಮೊಣಕಾಲುಮಟ್ಟ ನೀರಿಗೆ ಬಂಡಿ ಇಳಿಯಿತು. ಆರು ಜನ ವಾಡೇವಿಗೆ ಹಗ್ಗ ಸುತ್ತಿದರು. ಕಳಕಮ್ಮ ಎರಡೂ ತೋಳಿಂದ ಅದರ ಬಾಯನ್ನು ತಬ್ಬಿ, "ಇದು ನಮ್ಮವ್ವ ಮಾಡಿದ್ದು, ಕರಗತೈತ್ರೋ! ಸಾಮಾನೆಲ್ಲ ತಗೋರಿ, ಇದನ್ನೊಂದು ಬಿಡ್ರಿ! ಬೇಕಾದ್ರ ನಮ್ಮ ಮನಿಯವರನ್ನ ಕೇಳ್ರಿ!" ಎಂದಳು.

ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಗಾಳೆಮ್ಮ ಎಂಬ ಮುದುಕಿ ತಲೆ ಎತ್ತಿದಳು. "ಏ, ತಡೀರಿ. ನಿಮ್ಮ ಮನಿಯವರಂದ್ರ ಯಾರವ್ವ? ಹೆಸರು ಹೇಳು."

ಕಳಕಮ್ಮ ಬಾಯಿ ತೆರೆದಳು. ಮುಚ್ಚಿದಳು. ಹಗ್ಗ ಬಿಗಿಯುತ್ತಿದೆ, ಕೆಳಗೆ ನೀರು ಸುಳಿಯುತ್ತಿದೆ. ಆದರೂ ಗಂಡನ ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ಅಂಟಿಕೊಂಡಿತು. ಅರಿಷಿಣದ ಕೆಳಗಿಂದ ಮುಖ ಕೆಂಪಗಾಯಿತು. ಅವಳು ಸೆರಗನ್ನು ಮುಂದಕ್ಕೆಳೆದು ಮುಖ ತಿರುಗಿಸಿದಳು.

ಗಾಳೆಮ್ಮ ಒಗೆಯುವುದನ್ನು ಬಿಟ್ಟು ಹೊಟ್ಟೆ ಹಿಡಿದು ನಕ್ಕಳು. "ಲೇ ಹುಚ್ಚಗೋಳ್ರ್ಯಾ! ಅಮ್ಮ ಯಾವ ಗಂಡಸಿಗೆ ನಾಚತಾಳ? ಇಕಿ ಸಂಸಾರಸ್ತ ಹೆಣಮಗಳು!"

"ನಾಟಕ ಇರಬೇಕು" ಎಂದ ಗವಿಸಿದ್ದಪ್ಪ, ಆದರೆ ದನಿ ಇಳಿದಿತ್ತು. "ಹಂಗಾರ ಒಡಪಿನಾಗ ಹೇಳಲಿ, ನೋಡೋಣು."

ಪ್ರಾಸ ಕೂಡಿಸಿ ಒಡಪು ಕಟ್ಟಿದರೆ ಗಂಡನ ಹೆಸರು ಹೇಳಿದ ದೋಷವಿಲ್ಲ. ಆದರೆ ಕಳಕಮ್ಮ ಹನ್ನೊಂದನೇ ವಯಸ್ಸಿಗೆ ಹಸೆ ಏರಿದವಳು. ಲಗ್ನದಲ್ಲಿ ನಾಚಿ ಅತ್ತುಬಿಟ್ಟಿದ್ದಳೆಂದು ಅವಳ ಪರವಾಗಿ ಚಿಗವ್ವ ಒಡಪು ಹೇಳಿದ್ದಳು. ಈ ಹನ್ನೆರಡು ವರ್ಷದಲ್ಲಿ ಅಮರಪ್ಪ ಅವಳ ಬಾಯಿಂದ ತನ್ನ ಹೆಸರು ಕೇಳಿದ್ದೇ ಇಲ್ಲ. ಹಗ್ಗದ ಎಳೆತಕ್ಕೆ ವಾಡೇವು ಕಿರ್ರೆಂದಿತು. ಕಳಕಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ಒದರಿಯೇಬಿಟ್ಟಳು:

"ಬಂಡಿ ತುಂಬ ಹೇರೀವಿ ಬೇವಿನ ತಪ್ಪಲ,
ಬಾಡಿಗಿ ಇಲ್ಲದ ದಾಟೀವಿ ಕೊಪ್ಪಳ,
ಅವ್ವನ ವಾಡೇವು ನೀರಿಗೆ ಬಿಡಬ್ಯಾಡ್ರೋ ಯಪ್ಪಾ,
ಆಸೆಬುರುಕಿ ನಾ, ನನ್ನ ಗಂಡ ಬೇವೂರ ಅಮರಪ್ಪ!"

ಹೊಳೆಯ ದಂಡೆಗೆ ದಂಡೆಯೇ ನಕ್ಕಿತು. ಹಲಗೆಯವನು ಬಿದ್ದು ಬಿದ್ದು ಬಾರಿಸಿದ. ಆರು ಜನ ಹಗ್ಗ ಬಿಚ್ಚಿದರು, ಗವಿಸಿದ್ದಪ್ಪ ತಾನೂ ವಾಡೇವಿನ ಬುಡಕ್ಕೆ ಕೈ ಹಾಕಿ, ಅವರೊಂದಿಗೆ ಅದನ್ನು ಕಳಕಮ್ಮನ ಸಮೇತ ಹಸುಗೂಸಿನಂತೆ ಎತ್ತಿ ಬೇವಿನ ಮೇಲೆ ಕೂರಿಸಿದ. ಕಳಕಮ್ಮ ಅದನ್ನು ತಬ್ಬಿಕೊಂಡು ಅಳುತ್ತ ನಗುತ್ತ ಸುತ್ತ ಸವರಿ ನೋಡಿದಳು. ಎಲ್ಲಿಯೂ ಬಿರಿದಿರಲಿಲ್ಲ.

"ಆದ್ರ ಒಂದ್ ಮಾತು" ಎಂದ ಗವಿಸಿದ್ದಪ್ಪ. "ಅಮ್ಮಗಾದ್ರ ಎತ್ತು ಪುಕಟ. ಅಮರಪ್ಪನ ಹೆಂಡತಿಗಾದ್ರ ಬಾಡಿಗಿ ಬೀಳತೈತಿ. ವಾಪಸ್ ಊರೊಳಗ ಒಯ್ಯಾಕ ಮೂರು ರೂಪಾಯಿ."

ಮೂರು! ಕಳಕಮ್ಮ ಕಣ್ಣೀರು ಒರೆಸಿಕೊಂಡು ಚೌಕಾಸಿಗೆ ಸಿದ್ಧಳಾದಳು. ಆದರೆ ಅಮರಪ್ಪ ನೀರಲ್ಲಿ ನಿಂತೇ ಆಗಲೇ ಮೂರು ರೂಪಾಯಿ ಕೊಟ್ಟುಬಿಟ್ಟಿದ್ದ. ಪಂಚೆ ತೊಯ್ದು ತೊಟ್ಟಿಕ್ಕುತ್ತಿತ್ತು. ಅದರ ಪರಿವೆಯೂ ಇಲ್ಲದೆ ಅವನು ಹೆಂಡತಿಯನ್ನೇ ನೋಡುತ್ತಿದ್ದ.

ಬಂಡಿ ಊರ ಕಡೆ ಹೊರಟಿತು. ಪಕ್ಕದಲ್ಲಿ ನಡೆಯುತ್ತಿದ್ದ ಅಮರಪ್ಪ ವಾಡೇವಿನ ಹತ್ತಿರ ಸರಿದು ಮೆಲ್ಲಗೆ, "ಆ ಕಡೀ ಸಾಲು ಇನ್ನೊಮ್ಮೆ ಹೇಳು" ಎಂದ.

"ಅದಕ ಬಾಡಿಗಿ ಬ್ಯಾರೆ ಆಗತೈತ್ರಿ" ಎಂದು ಕಳಕಮ್ಮ ವಾಡೇವಿನೊಳಕ್ಕೆ ಮುಖ ಮುಚ್ಚಿಕೊಂಡು ಕುಸಿದಳು.

ಅಮರಪ್ಪ ಅಂಗಿಯ ಕಿಸೆಗೆ ಕೈ ಹಾಕಿದ.